ಹಾಜರಿ ಪುಸ್ತಕವಿಲ್ಲದ ಚುಕ್ಕಾಣಿಗಾರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಿನ್ನೆ ಬಸ್ ಇಳಿದ ಕೂಡಲೇ ಚಹಾದಂಗಡಿಯಲ್ಲಿ ಕೇಳಿದರು: "ಕಂಪ್ಯೂಟರ್ ಕೆಲಸ ಅಂತೀಯಲ್ಲ, ಅಲ್ಲಿ ನೀನು ಮಾಡೋದಾದ್ರೂ ಏನಪ್ಪಾ?" ಉತ್ತರ ಇವತ್ತು ಹೇಳಿಬಿಡುತ್ತೇನೆ.

ನೀವು ಮೊಬೈಲಿನಲ್ಲಿ ಬಸ್ ಟಿಕೆಟ್ ತೆಗೆಯುವಾಗ ಅದರ ಹಿಂದೆ ಎಷ್ಟೋ ಕಂಪ್ಯೂಟರುಗಳು ಒಟ್ಟಾಗಿ ದುಡಿಯುತ್ತಿರುತ್ತವೆ. ಪ್ರೋಗ್ರಾಮುಗಳನ್ನು ಅವಕ್ಕೆ ಬೇಕಾದ ಸಾಮಾನಿನ ಸಮೇತ ಬುತ್ತಿ ಕಟ್ಟಿದಂತೆ ಕಟ್ಟಿಡುತ್ತೇವೆ, ಅದೇ ಕಂಟೇನರ್. ಯಾವ ಬುತ್ತಿ ಯಾವ ಯಂತ್ರಕ್ಕೆ ಎಂದು ನೋಡಿಕೊಳ್ಳುವುದು ಕುಬರ್ನೆಟೀಸ್. ಗೂಗಲ್ 2014ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ತಂತ್ರಾಂಶ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಚುಕ್ಕಾಣಿ ಹಿಡಿದವನು ಎಂದರ್ಥ.

ಆದರೆ ಈ ಚುಕ್ಕಾಣಿಗಾರನ ಹತ್ತಿರ ಮನುಷ್ಯರ ಹಾಜರಿ ಪುಸ್ತಕವೇ ಇಲ್ಲ! ಬಂದವರು ಯಾರೆಂದು ಬೇರೆಯವರು ಹೇಳಬೇಕು.

ಹಿಂದೆ ನಾನಿದ್ದ ಒಂದು ಕಡೆ ಇದಕ್ಕೆ ಸುಲಭದ ದಾರಿ ಹಿಡಿದಿದ್ದೆವು. ಸರ್ವಾಧಿಕಾರದ ಒಂದೇ ಸರ್ಟಿಫಿಕೇಟ್ ಫೈಲನ್ನು ಹದಿನಾಲ್ಕು ಮಂದಿ ಹಂಚಿಕೊಂಡಿದ್ದೆವು. ಒಬ್ಬರು ಕೆಲಸ ಬಿಟ್ಟರು. ಫೈಲು ಅವರ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ರದ್ದು ಮಾಡೋಣವೆಂದು ಹೊರಟಾಗಲೇ ಗೊತ್ತಾದದ್ದು: ಕೊಟ್ಟ ಸರ್ಟಿಫಿಕೇಟನ್ನು ರದ್ದು ಮಾಡುವ ವ್ಯವಸ್ಥೆ ಕುಬರ್ನೆಟೀಸಿನಲ್ಲಿಲ್ಲ. ಅವಧಿ ಮುಗಿಯುವವರೆಗೆ, ನಮ್ಮದಕ್ಕೆ ಒಂದು ವರ್ಷ, ಅದು ನಡೆಯುತ್ತದೆ. ಇಲ್ಲವೇ ಎಲ್ಲರ ಸರ್ಟಿಫಿಕೇಟಿಗೂ ಬುಡವಾದ ಮೂಲ ಕೀಲಿಯನ್ನೇ ಬದಲಿಸಬೇಕು. ಮೂವರು ರಾತ್ರಿಯೆಲ್ಲ ಕೂತು ಬದಲಿಸಿದೆವು. ಏನೂ ಕಳವಾಗಿರಲಿಲ್ಲ. ಆದರೆ ಹಾಗೆಂದು ಎದೆ ತಟ್ಟಿ ಹೇಳುವುದು ಹೇಗೆ? ದಾಖಲೆಯಲ್ಲಿ ಹದಿನಾಲ್ಕು ಮಂದಿಗೂ ಒಂದೇ ಹೆಸರು.

ಆಮೇಲೆ ಗುರುತಿನ ಸೇವೆ ಹಾಕಿಕೊಂಡೆವು. ಕೀಕ್ಲೋಕ್, ಡೆಕ್ಸ್ ಎಂಬಂಥವು ಅದಕ್ಕೆಂದೇ ಇವೆ. ನಾನು ಎಂಟನೇ ತರಗತಿಗೆ ಟಿ.ಸಿ. ಹಿಡಿದು ಇಲ್ಲಿಗೆ ಬಂದಾಗ ಹೆಡ್‌ಮಾಸ್ತರು ಹಳೆಯ ಶಾಲೆಗೆ ಆಳು ಕಳಿಸಿ ವಿಚಾರಿಸಲಿಲ್ಲ. ಮೊಹರು, ಸಹಿ ನೋಡಿ ಸೇರಿಸಿಕೊಂಡರು. ಹಾಗೆಯೇ ಇದು. ಆ ಸೇವೆಯಲ್ಲಿ ಲಾಗಿನ್ ಆದರೆ ಹೆಸರು, ಗುಂಪು, ಅವಧಿ ಬರೆದು ಸಹಿ ಹಾಕಿದ ಟೋಕನ್ ಸಿಗುತ್ತದೆ. ಕುಬರ್ನೆಟೀಸ್ ಸಹಿಯನ್ನು ಪರೀಕ್ಷಿಸಿ ನಂಬುತ್ತದೆ. ಯಾರಿಗೆ ಯಾವ ಹಕ್ಕು ಎಂಬುದು ಬೇರೆಯೇ ಲೆಕ್ಕ. ಗೇಟಿನೊಳಗೆ ಬಿಟ್ಟ ಮಾತ್ರಕ್ಕೆ ಪ್ರಶ್ನೆಪತ್ರಿಕೆಯ ಬೀರುವಿನ ಕೀಲಿ ಕೊಡುತ್ತಾರೆಯೇ?

ಟೋಕನ್ನನ್ನೂ ನಡುವೆ ರದ್ದು ಮಾಡಲಾಗದು. ಅದಕ್ಕೇ ಅದರ ಆಯಸ್ಸನ್ನು ಕೆಲವೇ ನಿಮಿಷಕ್ಕೆ ಇಟ್ಟಿದ್ದೇವೆ. ಕೆಲಸ ಬಿಟ್ಟವರ ಖಾತೆಯನ್ನು ಸೇವೆಯಲ್ಲಿ ಮುಚ್ಚಿದರೆ ಹೊಸ ಟೋಕನ್ ಹುಟ್ಟುವುದಿಲ್ಲ. ಗುರುತಿನ ಸೇವೆಯೇ ಕೆಟ್ಟು ನಿಂತರೆ ನಾವೆಲ್ಲ ಹೊರಗೇ ಉಳಿಯುತ್ತೇವೆ; ಆ ಭಯಕ್ಕೆ ಹಳೆಯ ಬಗೆಯ ಸರ್ಟಿಫಿಕೇಟ್ ಒಂದನ್ನು ಬೀಗ ಹಾಕಿ ಇಟ್ಟಿದ್ದೇವೆ. ಅದನ್ನು ತೆಗೆದರೆ ಯಾರು, ಯಾಕೆ ಎಂದು ಬರೆದಿಡಬೇಕು.

ಸರ್, ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ಪಾಸ್‌ವರ್ಡ್ ಬರೆದದ್ದನ್ನು ಬೆಳಿಗ್ಗೆ ನೋಡಿದೆ. ಊಟವಾದ ಮೇಲೆ ಮಕ್ಕಳನ್ನು ಕಳಿಸಿಕೊಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿಕೊಟ್ಟು ಹೋಗುತ್ತೇನೆ.