ಸಹಿ ಹಾಕುವ ಮುನ್ನ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈದ್ಯರಾದ ನಮ್ಮನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಶುರುಮಾಡುತ್ತೇವೆಂದು ತಾವು ಭಾವಿಸಿರಬಹುದು. ಇಂದಿನ ವಿಷಯ ಬೇರೆ. ಆದರೆ ಅದಕ್ಕೂ ರಕ್ತದೊತ್ತಡಕ್ಕೂ ನಂಟು ಉಂಟು.

2019ರಲ್ಲಿ ದೇರಾದ ನಮ್ಮ ಕ್ಲಿನಿಕ್ಕಿಗೆ ಕುಂದಾಪುರದ ಕಡೆಯ ಯುವಕನೊಬ್ಬ ಬಂದ. ನಿದ್ದೆಯಿಲ್ಲ, ಎದೆಯಲ್ಲಿ ಡವಡವ. ಇಸಿಜಿ ಸರಿಯಾಗಿಯೇ ಇತ್ತು. ಕಾಯಿಲೆ ಇದ್ದದ್ದು ಅವನ ಜೇಬಿನಲ್ಲಿ. 40,000 ದಿರ್‌ಹಮ್‌ಗಳ ಚೆಕ್ ಬೌನ್ಸ್ ಆಗಿ, 2,000 ದಿರ್‌ಹಮ್ ದಂಡ ಕಟ್ಟಬೇಕೆಂಬ ಆದೇಶ ಬಂದಿತ್ತು. "ಎಂತ ಮಾಡುದು ಡಾಕ್ಟ್ರೇ?" ಎಂದು ಕೇಳಿದ. "ಕಟ್ಟಿ ಮುಗಿಸು ಮಾರಾಯ" ಎಂದೆವು. ಕಟ್ಟಿದ. ನಿದ್ದೆಯೂ ಬಂತು. ಮೂರು ತಿಂಗಳ ಮೇಲೆ ಸಾಲ ಕೊಟ್ಟವನು ಅದೇ 40,000ಕ್ಕೆ ಸಿವಿಲ್ ದಾವೆ ಹೂಡಿದ. ದಂಡದೊಂದಿಗೆ ಸಾಲವೂ ತೀರಿತೆಂದು ಅವನು ನಂಬಿದ್ದ; ನಿಜ ಹೇಳಬೇಕೆಂದರೆ ನಾವೂ ನಂಬಿದ್ದೆವು. ಗೊತ್ತಿಲ್ಲದ ಔಷಧಿ ಬರೆದುಕೊಟ್ಟ ಹಾಗಾಯಿತು. ಆ ನಾಚಿಕೆಯಿಂದಲೇ ಈ ವಿಷಯವನ್ನು ಓದಲು ತೊಡಗಿದೆವು.

ಸರ್ಕಾರದ ಪರ ವಕೀಲರು "ತಪ್ಪೊಪ್ಪಿಕೊ, ಶಿಕ್ಷೆ ಕಡಿಮೆ ಮಾಡಿಸುತ್ತೇವೆ" ಎನ್ನುವುದಕ್ಕೆ ಪ್ಲೀ ಬಾರ್ಗೇನಿಂಗ್ ಎನ್ನುತ್ತಾರೆ. ಇದರ ತವರು ಅಮೆರಿಕ. ಅಲ್ಲಿನ ಫೆಡರಲ್ ಶಿಕ್ಷೆಗಳಲ್ಲಿ ನೂರಕ್ಕೆ 97, ರಾಜ್ಯಗಳ ಶಿಕ್ಷೆಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಬಂದವೆಂದು ಅಲ್ಲಿಯ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು.

ವಕೀಲರು ಏಕೆ ರಿಯಾಯಿತಿ ಕೊಡುತ್ತಾರೆ? ಒಂದು, ಕೇಸುಗಳ ರಾಶಿ. ಎಲ್ಲದಕ್ಕೂ ವಿಚಾರಣೆ ನಡೆಸಲು ಪುರಸೊತ್ತಿಲ್ಲ. ಎರಡು, ಸಾಕ್ಷ್ಯ ದುರ್ಬಲವಿದ್ದಾಗ ಸೋಲುವುದಕ್ಕಿಂತ ಸಣ್ಣ ಗೆಲುವು ಮೇಲು. ಮೂರು, ಸಣ್ಣ ಮೀನಿನ ಬಾಯಿಂದ ದೊಡ್ಡ ಮೀನಿನ ಸುಳಿವು ಸಿಗುತ್ತದೆ. ನಾಲ್ಕು, ನೊಂದವರು ಕಟಕಟೆಯಲ್ಲಿ ನಿಂತು ಮತ್ತೆ ನೋಯುವುದು ತಪ್ಪುತ್ತದೆ. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಜಾಮೀನಿಲ್ಲದೆ ಒಳಗಿರುವ ನಿರಪರಾಧಿಯೂ "ಒಪ್ಪಿಕೊಂಡರೆ ನಾಳೆಯೇ ಮನೆಗೆ" ಎಂದರೆ ಒಪ್ಪಿಬಿಡಬಹುದು. ಅಪಾಯವಿರುವುದು ಅಲ್ಲಿ.

ನಮ್ಮ ದೇಶದ ಸುಪ್ರೀಂ ಕೋರ್ಟ್ ಈ ಚೌಕಾಸಿಯನ್ನು ಬಹುಕಾಲ ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಸಮಿತಿ 2003ರ ವರದಿಯಲ್ಲಿ ಇದರ ಪರವಾಗಿ ಹೇಳಿತೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. 2006ರ ಜುಲೈ 5ರಿಂದ ಕಾನೂನು ಜಾರಿಯಾಯಿತು. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಿಗೆ, ಹೆಂಗಸರ ಮತ್ತು 14ರೊಳಗಿನ ಮಕ್ಕಳ ಮೇಲಿನ ಅಪರಾಧಗಳಿಗೆ ಇದು ಸಲ್ಲದು. ಅಲ್ಲಿ ಅರ್ಜಿ ಹಾಕಬೇಕಾದವನು ಆರೋಪಿ. ಅವನು ಸ್ವಇಚ್ಛೆಯಿಂದ ಬಂದಿದ್ದಾನೆಯೇ ಎಂದು ನ್ಯಾಯಾಧೀಶರು ಖಾಸಗಿಯಾಗಿ ಕೇಳಿ ತಿಳಿಯಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆರೋಪ ಹೊರಿಸಿದ 30 ದಿನಗಳೊಳಗೆ ಅರ್ಜಿ ಹಾಕಬೇಕೆಂದಿದೆ.

ಇನ್ನು ಈ ನೆಲದ ಮಾತು. ದುಬೈಯಲ್ಲಿ 2017ರ ಕಾನೂನು ಪೀನಲ್ ಆರ್ಡರ್ ಎಂಬುದನ್ನು ತಂದಿತು. ಸಣ್ಣ ಅಪರಾಧಗಳಲ್ಲಿ ಪ್ರಾಸಿಕ್ಯೂಷನ್ನೇ ದಂಡ ನಿಗದಿ ಮಾಡುತ್ತದೆ, ಕೋರ್ಟಿನ ಓಡಾಟವಿಲ್ಲ. ಇದರಲ್ಲಿ ಚೌಕಾಸಿಯಿಲ್ಲ, ಆದರೆ ಉದ್ದೇಶ ಅದೇ: ಕೇಸುಗಳ ಹೊರೆ ಇಳಿಸುವುದು. 50,000ದೊಳಗಿನ ಚೆಕ್ಕಿಗೆ 2,000 ದಂಡ ಎಂದು ಗೊತ್ತುಮಾಡಿದ್ದು ಆಗಲೇ. ಒಪ್ಪದವನು ಏಳು ದಿನಗಳೊಳಗೆ ಆಕ್ಷೇಪಿಸಿದರೆ ಕೇಸು ಕೋರ್ಟಿಗೆ ಹೋಗುತ್ತಿತ್ತು. ನಮ್ಮ ಯುವಕನಿಗೆ ಆ ಏಳು ದಿನಗಳ ಸಂಗತಿಯನ್ನು ಯಾರೂ ಹೇಳಲಿಲ್ಲ. ಮುಂದೆ 2022ರ ಜನವರಿ 2ರಿಂದ, ಖಾತೆಯಲ್ಲಿ ಹಣವಿಲ್ಲದ ಮಾತ್ರಕ್ಕೆ ಚೆಕ್ ಬೌನ್ಸ್ ಅಪರಾಧವಾಗದಂತೆ ಕಾನೂನು ಬದಲಾಯಿತು. ಮೋಸವಿದ್ದರೆ ಮಾತ್ರ ಅಪರಾಧ. ಸಾಲ ವಸೂಲಿಯ ದಾರಿ ಮಾತ್ರ ಇನ್ನೂ ಚುರುಕಾಯಿತು.

ಭಾಷೆಯ ಕಷ್ಟವೂ ಇದೆ. ಅಬುಧಾಬಿಯ ಕಾರ್ಮಿಕ ದಾವೆಗಳ ಅರ್ಜಿಗೆ 2019ರಲ್ಲಿ ಹಿಂದಿ ಸೇರಿತು. ಆದರೆ ಅರಬ್ಬಿ ಕಾಗದದ ಮುಂದೆ ಕೂತ ಕನ್ನಡದ ಹುಡುಗನಿಗೆ ನೆರವಾಗಬೇಕಾದವರು ನಾವೇ.

ಶಸ್ತ್ರಚಿಕಿತ್ಸೆಗೆ ಮುನ್ನ ನಾವು ರೋಗಿಯ ಸಹಿ ಪಡೆಯುತ್ತೇವೆ. ತಿಳಿಸಿ ಹೇಳದೆ ಪಡೆದ ಸಹಿ ಸಹಿಯಲ್ಲ. ಆದ್ದರಿಂದ ತಮ್ಮಲ್ಲಿ ನಮ್ಮ ಬಿನ್ನಹ ಇಷ್ಟೇ. ಯಾರಾದರೂ ಇಂಥ ಕಾಗದ ಹಿಡಿದು ಬಂದರೆ "ಕಟ್ಟಿ ಮುಗಿಸು" ಎನ್ನಬೇಡಿ. ಮೂರು ಪ್ರಶ್ನೆ ಕೇಳಿಸಿ: ಇದು ನನ್ನ ಮೇಲೆ ಅಪರಾಧಿಯೆಂಬ ದಾಖಲೆಯಾಗುತ್ತದೆಯೇ? ಸಾಲ, ವೀಸಾ, ಕೆಲಸದ ಬಾಬ್ತು ಇನ್ನೇನು ಉಳಿಯುತ್ತದೆ? ಆಕ್ಷೇಪಿಸಲು ಎಷ್ಟು ದಿನವಿದೆ? ಉತ್ತರ ಹೇಳಬೇಕಾದವರು ಇಲ್ಲಿಯ ಕಾನೂನು ಬಲ್ಲ ವಕೀಲರು. ವಕೀಲರ ಫೀಸಿಗೆ ಶಕ್ತಿಯಿಲ್ಲದವರನ್ನು ದುಬೈ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಕರೆದೊಯ್ಯಿರಿ.

ಆ ಯುವಕ ಕಂತಿನಲ್ಲಿ ಸಾಲ ತೀರಿಸಿ ಈಗ ಊರಲ್ಲಿದ್ದಾನೆ. ನಮ್ಮ ಮೇಲೆ ಅವನಿಗೆ ಕೋಪವಿಲ್ಲ. ಆದರೆ ನಮಗೆ ಆ ದಿನ ಮರೆತಿಲ್ಲ. ನಮ್ಮ ಸಂಘ ಹಬ್ಬಕ್ಕೆ ಒಟ್ಟಾಗುವಂತೆ ಇಂಥ ಕಷ್ಟಕ್ಕೂ ಒಟ್ಟಾಗಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.