ಪ್ರೌಢಶಾಲೆಯ ಉಪಾಧ್ಯಾಯವೃತ್ತಿಗೆ ವಿಶ್ವವಿದ್ಯಾನಿಲಯದ ದಾರಿಗಳು



ಮಠದ ಪ್ರಸಾದನಿಲಯದಲ್ಲಿ ಉಂಡು ಓದುವ ಹುಡುಗನ ತಂದೆಯು ಜಾತ್ರೆಗೆ ಬಂದಾಗ ಹಿರಿಯರನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಬಹಳ ಹಳೆಯದು: "ಹುಡುಗನು ಹಾಯ್‌ಸ್ಕೂಲಿನ ಮಾಸ್ತರನಾಗಬೇಕಾದರೆ ಏನು ಓದಬೇಕು?" ಪ್ರಶ್ನೆಯು ಸರಳವಾಗಿ ತೋರುವುದು. ಆದರೆ ಇದಕ್ಕೆ ಅರೆತಿಳಿದವರು ಕೊಟ್ಟ ಉತ್ತರವನ್ನು ನಂಬಿ, ಮೂರು ವರ್ಷ ಪದವಿಗೂ ಎರಡು ವರ್ಷ ಶಿಕ್ಷಣಶಾಸ್ತ್ರಕ್ಕೂ ಹೊಲದ ಹಣವನ್ನು ಸುರಿದು, ಕಡೆಗೆ ತಾನು ಓದಿದ ವಿಷಯಕ್ಕೆ ಶಾಲೆಯಲ್ಲಿ ಸ್ಥಾನವೇ ಇಲ್ಲವೆಂದು ಕಂಡುಕೊಂಡು ಕೈಚೆಲ್ಲಿ ಕುಳಿತ ತರುಣರು ಪ್ರತಿಯೊಂದು ತಾಲೂಕಿನಲ್ಲಿಯೂ ಉಂಟು. ಆದುದರಿಂದ ಈ ಮಹೋತ್ಸವದ ಶುಭಸಂದರ್ಭದಲ್ಲಿ ಆ ದಾರಿಗಳು ಯಾವುವು, ಅವು ಎಲ್ಲಿ ಕವಲೊಡೆಯುವುವು, ಎಲ್ಲಿ ಎಡವುವ ಭಯವಿದೆ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಒಂದು ಮೂಲಪ್ರಶ್ನೆಯನ್ನು ತೀರಿಸಿಕೊಳ್ಳಬೇಕು. ವಿಷಯವನ್ನು ಬಲ್ಲವನು ಅದನ್ನು ಕಲಿಸಲೂ ಬಲ್ಲನೆ? ಬಹುಕಾಲದವರೆಗೆ ಜನರು ಬಲ್ಲನೆಂದೇ ತಿಳಿದಿದ್ದರು. ಕನ್ನಡ ಶಾಲೆಗಳ ಪಂತೋಜಿಗಳಿಗಾಗಿ ಧಾರವಾಡದಲ್ಲಿ ನಾರ್ಮಲ್ ಸ್ಕೂಲು ೧೯ನೆಯ ಶತಮಾನದಲ್ಲಿಯೇ ನಡೆಯುತ್ತಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥ ಹಿರಿಯರು ಅದರ ಹೊಣೆಯನ್ನು ಹೊತ್ತಿದ್ದರು. ಆದರೆ ಹಾಯ್‌ಸ್ಕೂಲಿನ ಮಾತು ಬೇರೆ. ಬಿ.ಎ. ಆದವನಿಗೆ ಮತ್ತೇತರ ತರಬೇತಿ ಎಂಬುದು ಸಾಮಾನ್ಯ ಭಾವನೆಯಾಗಿದ್ದಿತು. ಉಪಾಧ್ಯಾಯರಿಗೆ ಶಿಕ್ಷಣವೀಯುವ ಸಂಸ್ಥೆಗಳು ಬೇಕೆಂದು ೧೮೫೪ರ ವುಡ್ ಸಾಹೇಬರ ಆಜ್ಞಾಪತ್ರವು ಸಾರಿತು. ಎರಡು ವರ್ಷಗಳಲ್ಲಿ ಮದ್ರಾಸಿನ ಸರಕಾರೀ ನಾರ್ಮಲ್ ಸ್ಕೂಲು ಹುಟ್ಟಿ, ಅದೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಗಿ ಬೆಳೆಯಿತು. ೧೮೮೬ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯವು ಎಲ್.ಟಿ. ಎಂಬ ಅಧ್ಯಾಪನಪದವಿಯನ್ನು ಏರ್ಪಡಿಸಿತು. ೧೯೦೪ರ ಸರಕಾರೀ ನಿರ್ಣಯವು ಪದವೀಧರರಿಗೆ ಒಂದು ವರ್ಷದ ಪ್ರತ್ಯೇಕ ತರಬೇತಿಯಾಗಬೇಕೆಂದು ವಿಧಿಸಿತು. ಆ ಒಂದು ವರ್ಷದ ಕ್ರಮವೇ ಬಿ.ಟಿ., ಬಿ.ಎಡ್. ಮೊದಲಾದ ಹೆಸರುಗಳಿಂದ ಒಂದು ಶತಮಾನಕ್ಕೂ ಮಿಕ್ಕು ನಡೆಯಿತು.

ಈ ತರಬೇತಿಯು ಏತಕ್ಕೆ ಅವಶ್ಯವೆಂಬುದು ಒಂದು ಸಣ್ಣ ದೃಷ್ಟಾಂತದಿಂದ ತಿಳಿಯುವುದು. ಅರ್ಧಕ್ಕೆ ಮೂರನೆಯ ಒಂದು ಪಾಲನ್ನು ಕೂಡಿಸೆಂದರೆ, ಎಂಟನೆಯ ತರಗತಿಗೆ ಬಂದ ಹುಡುಗನೂ ಒಮ್ಮೊಮ್ಮೆ ಐದರಲ್ಲಿ ಎರಡು ಪಾಲು ಎಂದು ಉತ್ತರ ಬರೆಯುವನು. ಮೇಲಿನ ಅಂಕೆಗಳನ್ನು ಮೇಲೆಯೂ ಕೆಳಗಿನವನ್ನು ಕೆಳಗೆಯೂ ಕೂಡಿಸಿರುವನು. ಗಣಿತವನ್ನು ಮಾತ್ರ ಬಲ್ಲ ಉಪಾಧ್ಯಾಯನು ಅದನ್ನು ತಪ್ಪೆಂದು ಹೊಡೆದುಹಾಕಿ, ಸರಿಯಾದ ಸೂತ್ರವನ್ನು ಮತ್ತೊಮ್ಮೆ ಹಲಗೆಯ ಮೇಲೆ ಬರೆಯುವನು. ಹುಡುಗನು ಅದನ್ನು ಬಾಯಿಪಾಠ ಮಾಡಿ ಮುಂದಿನ ವಾರ ಮರೆಯುವನು. ಕಲಿಸುವ ವಿದ್ಯೆಯನ್ನು ಅರಿತವನಾದರೋ, ಆ ತಪ್ಪಿನ ಹಿಂದಿರುವ ಆಲೋಚನೆಯನ್ನು ಹುಡುಕುವನು. "ಅರ್ಧ ರೊಟ್ಟಿ ನಿನ್ನ ತಟ್ಟೆಯಲ್ಲಿದೆ, ಇನ್ನೊಂದು ತುಂಡು ಬಡಿಸಿದರು. ಈಗ ಅರ್ಧಕ್ಕಿಂತ ಹೆಚ್ಚಾಯಿತೋ ಕಡಿಮೆಯಾಯಿತೋ?" ಎಂದು ಕೇಳುವನು. ಐದರಲ್ಲಿ ಎರಡು ಪಾಲು ಅರ್ಧಕ್ಕಿಂತ ಕಡಿಮೆಯೆಂಬುದು ಹುಡುಗನಿಗೇ ಹೊಳೆಯುವುದು. ಬಡಿಸಿದರೆ ರೊಟ್ಟಿ ಕಡಿಮೆಯಾಗುವುದುಂಟೆ? ಅಲ್ಲಿಗೆ ತಪ್ಪು ತಾನಾಗಿಯೇ ಕಳಚಿ ಬೀಳುವುದು. ಈ ಒಂದು ಪ್ರಶ್ನೆಯನ್ನು ಕೇಳಲು ಬರುವುದಕ್ಕೂ ಬಾರದಿರುವುದಕ್ಕೂ ನಡುವೆ ಇರುವ ಅಂತರವೇ ಉಪಾಧ್ಯಾಯಶಿಕ್ಷಣದ ಪ್ರಯೋಜನವು.

ಇನ್ನು ಪ್ರಸ್ತುತ ವ್ಯವಸ್ಥೆಯನ್ನು ನೋಡುವ. ಕೆಲವು ದೇಶಗಳಲ್ಲಿ ವಿಶ್ವವಿದ್ಯಾನಿಲಯದ ಪದವಿಯ ಮೇಲೆ ಬೇರೊಂದು ಅನುಮತಿಪತ್ರವನ್ನು ಪಡೆಯಬೇಕಾಗುವುದು. ಜರ್ಮನಿಯಲ್ಲಿ ವಿಶ್ವವಿದ್ಯಾನಿಲಯದ ವ್ಯಾಸಂಗವು ಮುಗಿದ ತರುವಾಯ ಒಂದರಿಂದ ಎರಡು ವರ್ಷಗಳ ವರೆಗೆ ಶಾಲೆಯಲ್ಲಿಯೇ ಉಮೇದುವಾರಿ ಮಾಡಿ, ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೊರತು ಪೂರ್ಣ ಉಪಾಧ್ಯಾಯನೆನಿಸಲಾರನು. ಭಾರತದಲ್ಲಿ ಅಂಥ ಪ್ರತ್ಯೇಕ ಲೈಸೆನ್ಸು ಇಲ್ಲ. ಇಲ್ಲಿ ಶಾಸನಸಮ್ಮತವಾದ ಪದವಿಯೂ, ಆ ಮೇಲೆ ನೇಮಕಾತಿಯ ಪರೀಕ್ಷೆಯೂ ಕೂಡಿ ಆ ಸ್ಥಾನವನ್ನು ತುಂಬುವುವು. ಆ ಪದವಿಯ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರವು ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಪರಿಷತ್ತಿನದು; ಅದು ೧೯೯೩ರ ಕಾನೂನಿನಂತೆ ೧೯೯೫ರಲ್ಲಿ ಕಾರ್ಯಾರಂಭ ಮಾಡಿತು. ಪರಿಷತ್ತಿನ ೨೦೧೪ರ ನಿಯಮಗಳ ಪ್ರಕಾರ ೯ ಮತ್ತು ೧೦ನೆಯ ತರಗತಿಗಳಿಗೆ ಕಲಿಸತಕ್ಕವನು ಕನಿಷ್ಠ ಶೇಕಡಾ ೫೦ ಅಂಕಗಳೊಡನೆ ಪದವಿಯನ್ನಾಗಲಿ ಸ್ನಾತಕೋತ್ತರ ಪದವಿಯನ್ನಾಗಲಿ ಪಡೆದು, ಅದರೊಡನೆ ಬಿ.ಎಡ್. ಆಗಿರಬೇಕು, ಇಲ್ಲವೆ ಎರಡನ್ನೂ ಒಂದಾಗಿ ಹೆಣೆದ ನಾಲ್ಕು ವರ್ಷಗಳ ಪದವಿಯನ್ನು ಪಡೆದಿರಬೇಕು.

ಹೀಗೆ ದಾರಿಗಳು ಮುಖ್ಯವಾಗಿ ಎರಡಾದುವು. ಮೊದಲನೆಯದು ಬಹುಜನರು ತುಳಿದ ಹೆದ್ದಾರಿ. ಬಿ.ಎ. ಅಥವಾ ಬಿ.ಎಸ್‌ಸಿ. ಪದವಿಯನ್ನು ಪಡೆದು, ಅನಂತರ ಬಿ.ಎಡ್. ವ್ಯಾಸಂಗವನ್ನು ಕೈಕೊಳ್ಳುವುದು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಆಯೋಗವು ೨೦೧೨ರಲ್ಲಿ ಉಪಾಧ್ಯಾಯಶಿಕ್ಷಣದ ದುರವಸ್ಥೆಯನ್ನು ವಿವರಿಸಿ ವರದಿಯನ್ನೊಪ್ಪಿಸಿದ ಮೇಲೆ, ೨೦೧೫ರಿಂದ ಈ ವ್ಯಾಸಂಗವು ಒಂದು ವರ್ಷದಿಂದ ಎರಡು ವರ್ಷಕ್ಕೆ ವಿಸ್ತಾರಗೊಂಡಿತು. ೨೦೧೪ರ ನಿಯಮಗಳು ಈ ಎರಡು ವರ್ಷಗಳಲ್ಲಿ ೨೦ ವಾರಗಳನ್ನು ನಿಜವಾದ ಶಾಲೆಯಲ್ಲಿ ಕಳೆಯಬೇಕೆಂದೂ, ತರಗತಿಯ ಪಾಠಗಳಿಗೆ ಶೇಕಡಾ ೮೦, ಶಾಲೆಯ ಅಭ್ಯಾಸಕ್ಕೆ ಶೇಕಡಾ ೯೦ ಹಾಜರಿ ಇರಬೇಕೆಂದೂ ಕಟ್ಟುಮಾಡಿದುವು.

ಎರಡನೆಯದು ಅಷ್ಟು ಪರಿಚಿತವಲ್ಲದಿದ್ದರೂ ನಮ್ಮ ನಾಡಿನಲ್ಲಿಯೇ ಹಳೆಯದಾದ ದಾರಿ. ೧೯೬೩ರಲ್ಲಿ ಅಜ್ಮೇರ, ಭೋಪಾಲ, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪಿತವಾದುವು. ಪದವಿಯ ವಿಷಯವನ್ನೂ ಕಲಿಸುವ ಕಲೆಯನ್ನೂ ಮೊದಲ ವರ್ಷದಿಂದಲೇ ಜೊತೆಜೊತೆಯಾಗಿ ನಾಲ್ಕು ವರ್ಷ ಕಲಿಸುವ ಪ್ರಯೋಗಕ್ಕೆ ಅವು ನೆಲೆಯಾದುವು. ಸಸಿಯಾಗಿರುವಾಗಲೇ ಬಗ್ಗಿಸಬೇಕೆಂಬ ನ್ಯಾಯವು ಇಲ್ಲಿಯದು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಈ ನಾಲ್ಕು ವರ್ಷಗಳ ಸಮನ್ವಿತ ಪದವಿಯೇ ೨೦೩೦ರ ಹೊತ್ತಿಗೆ ಉಪಾಧ್ಯಾಯನಿಗೆ ಬೇಕಾದ ಕನಿಷ್ಠ ಯೋಗ್ಯತೆಯಾಗಬೇಕೆಂದು ಹೇಳಿತು; ೨೦೨೩-೨೪ರಿಂದ ಅದರ ಹೊಸ ರೂಪವು ಆಯ್ದ ಸಂಸ್ಥೆಗಳಲ್ಲಿ ಆರಂಭವಾಯಿತು. ಇದಕ್ಕೆ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶಪರೀಕ್ಷೆ ಉಂಟು. ಹಿಂದಿನ ದಾರಿಯಲ್ಲಿ ಮೂರೂ ಎರಡೂ ಕೂಡಿ ಐದು ವರ್ಷವಾದರೆ, ಇಲ್ಲಿ ನಾಲ್ಕೇ ವರ್ಷ. ಬಡವನ ಮಗನಿಗೆ ಒಂದು ವರ್ಷದ ಉಳಿತಾಯವು ಅಲ್ಪವಾದುದಲ್ಲ. ಆದರೆ ಈ ದಾರಿಯ ಬಾಗಿಲು ಪಿ.ಯು.ಸಿ. ಮುಗಿಯುವ ಸುಮಾರಿಗೆ ತೆರೆಯುವುದು. ಹದಿನೇಳು ಹದಿನೆಂಟರ ಹರೆಯದಲ್ಲಿಯೇ ಮನಸ್ಸನ್ನು ನಿಶ್ಚಯಿಸಿಕೊಳ್ಳದವನಿಗೂ, ಅಂಥ ಬಾಗಿಲೊಂದು ಇದೆಯೆಂಬುದನ್ನೇ ಯಾರೂ ಹೇಳದ ಹಳ್ಳಿಯ ಹುಡುಗಿಗೂ ಅದು ಇದ್ದೂ ಇಲ್ಲದಂತೆಯೇ ಸರಿ.

ಇವೆರಡರ ಹೊರತಾಗಿ ಕಿರುದಾರಿಗಳೂ ಉಂಟು. ತರಬೇತಿ ಹೊಂದಿ ಪ್ರಾಥಮಿಕ ಶಾಲೆಯಲ್ಲಿ ಕೆಲಸಮಾಡುತ್ತಿರುವ ಉಪಾಧ್ಯಾಯನು ತಕ್ಕ ಪದವಿಯನ್ನು ಪಡೆದಿದ್ದರೆ, ದೂರಶಿಕ್ಷಣದ ಮೂಲಕ ಬಿ.ಎಡ್. ಮಾಡಲು ಅವಕಾಶವಿದೆ. ಆದರೆ ತರಬೇತಿಯ ಗಂಧವೇ ಇಲ್ಲದ ಹೊಸ ಪದವೀಧರನಿಗೆ ಈ ಅವಕಾಶವಿಲ್ಲವೆಂಬುದನ್ನು ಮರೆಯಬಾರದು. ನಾಲ್ಕು ವರ್ಷಗಳ ಪದವಿಯನ್ನಾಗಲಿ ಸ್ನಾತಕೋತ್ತರ ಪದವಿಯನ್ನಾಗಲಿ ಪಡೆದವರಿಗೆ ಒಂದು ವರ್ಷದ ಬಿ.ಎಡ್. ಸಾಕೆಂಬ ಕ್ರಮವನ್ನೂ ೨೦೨೦ರ ನೀತಿಯು ಸೂಚಿಸಿತು.

ಈಗ ಎಡವುವ ಕಲ್ಲುಗಳ ಮಾತು. ಮೊದಲನೆಯದು ವಿಷಯಗಳ ಜೋಡಣೆ. ಕರ್ನಾಟಕದಲ್ಲಿ ಪ್ರೌಢಶಾಲೆಯೆಂದರೆ ೮, ೯, ೧೦ನೆಯ ತರಗತಿಗಳು. ಅಲ್ಲಿಯ ಹುದ್ದೆಗಳು ಭಾಷೆಗಳಿಗೆ, ಸಮಾಜವಿಜ್ಞಾನಕ್ಕೆ, ಭೌತಶಾಸ್ತ್ರ-ರಸಾಯನಶಾಸ್ತ್ರ-ಗಣಿತಗಳ ಗುಂಪಿಗೆ, ರಸಾಯನಶಾಸ್ತ್ರ-ಸಸ್ಯಶಾಸ್ತ್ರ-ಪ್ರಾಣಿಶಾಸ್ತ್ರಗಳ ಗುಂಪಿಗೆ ಎಂದು ವಿಂಗಡವಾಗಿರುವುವು. ಪದವಿಯಲ್ಲಿ ಓದಿದ ವಿಷಯಗಳು ಹುದ್ದೆಯ ವಿಷಯಗಳಿಗೆ ಹೊಂದದಿದ್ದರೆ ಬಿ.ಎಡ್. ಪದವಿಯೊಂದೇ ಕೈಹಿಡಿಯಲಾರದು. ಆದಕಾರಣ ಉಪಾಧ್ಯಾಯನಾಗುವ ನಿರ್ಧಾರವು ಬಿ.ಎಡ್. ಕಾಲೇಜಿನ ಬಾಗಿಲಲ್ಲಿ ಮಾಡುವುದಲ್ಲ. ಪದವಿಯ ವಿಷಯಗಳನ್ನು ಆರಿಸುವ ದಿನವೇ ಮಾಡತಕ್ಕದ್ದು.

ಎರಡನೆಯದು, ಬಿ.ಎಡ್. ಒಂದಿದ್ದರೆ ಯಾವ ತರಗತಿಗಾದರೂ ಕಲಿಸಬಹುದೆಂಬ ಭ್ರಮೆ. ೧ರಿಂದ ೫ನೆಯ ತರಗತಿಗಳಿಗೆ ಬಿ.ಎಡ್. ತಕ್ಕ ಯೋಗ್ಯತೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಎಳೆಯ ಮಕ್ಕಳಿಗೆ ಕಲಿಸುವುದು ಬೇರೆಯೇ ಒಂದು ವಿದ್ಯೆ, ಅದಕ್ಕೆ ಡಿ.ಎಲ್.ಎಡ್. ಎಂಬ ಬೇರೆ ವ್ಯಾಸಂಗವಿದೆ. ೬ರಿಂದ ೮ನೆಯ ತರಗತಿಗಳಿಗೆ ಕಲಿಸಬಯಸುವ ಪದವೀಧರನು ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ತೇರ್ಗಡೆಯಾಗಬೇಕು. ೧೫೦ ಅಂಕಗಳ ಆ ಪತ್ರಿಕೆಯಲ್ಲಿ ಸಾಮಾನ್ಯ ವರ್ಗದವರು ೯೦ ಅಂಕಗಳನ್ನು ಗಳಿಸಬೇಕು. ಆ ಅರ್ಹತೆಯು ಆಜೀವಪರ್ಯಂತ ಊರ್ಜಿತವೆಂದು ೨೦೨೧ರಲ್ಲಿ ನಿರ್ಣಯವಾಯಿತು. ಪ್ರೌಢಶಾಲೆಯನ್ನೇ ಗುರಿಯಾಗಿಟ್ಟವನೂ ಅದನ್ನು ಮಾಡಿಕೊಂಡಿರುವುದು ಜಾಣತನ. ಆ ಪರೀಕ್ಷೆಯನ್ನು ಶಾಲೆಯ ಎಲ್ಲ ಹಂತಗಳಿಗೂ ವಿಸ್ತರಿಸಬೇಕೆಂದು ೨೦೨೦ರ ನೀತಿಯು ಹೇಳಿರುವುದು.

ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದುದು. ಶುಲ್ಕವನ್ನು ತೆಗೆದುಕೊಂಡು ಹಾಜರಿಯನ್ನು ಪುಸ್ತಕದಲ್ಲಿ ಮಾತ್ರ ತುಂಬುವ ಕಾಲೇಜುಗಳ ಆಮಿಷ. "ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು" ಎಂಬ ಮಾತು ಕೇಳುವವನಿಗೆ ಸಿಹಿಯಾಗಿರುವುದು. ಬೇರೆಡೆ ದುಡಿಯುತ್ತಲೇ ಪದವಿಯನ್ನು ಪಡೆಯಬಹುದಲ್ಲಾ ಎಂದು ಬಡ ತರುಣನಿಗೆ ಆಸೆಯಾಗುವುದು ಸಹಜವೇ. ಅವನನ್ನು ನಿಂದಿಸಿ ಫಲವಿಲ್ಲ. ಆದರೆ ಲೆಕ್ಕವನ್ನು ಕಡೆಯವರೆಗೆ ಮಾಡಿ ನೋಡಬೇಕು. ಆ ೨೦ ವಾರಗಳನ್ನು ಶಾಲೆಯಲ್ಲಿ ಕಳೆಯದವನು ತಪ್ಪಿಸಿಕೊಂಡ ಪಾಠದ ಬೆಲೆಯನ್ನು ತಾನು ತೆರುವುದಿಲ್ಲ. ಅವನು ಮುಂದೆ ಯಾವ ಹಳ್ಳಿಗೆ ಹೋಗುವನೋ ಆ ಹಳ್ಳಿಯ ಹಿಂದಿನ ಬೆಂಚಿನ ಮಕ್ಕಳು ತೆರುವರು. ಒಂದು ವರ್ಷವಲ್ಲ, ಅವನ ಸೇವಾವಧಿಯುದ್ದಕ್ಕೂ ತೆರುವರು. ಐದರಲ್ಲಿ ಎರಡು ಪಾಲೆಂದು ಬರೆದ ಹುಡುಗನು ತಾನು ದಡ್ಡನೆಂದೇ ನಂಬಿ ಹತ್ತನೆಯ ತರಗತಿಯಲ್ಲಿ ಶಾಲೆಯನ್ನು ಬಿಡುವನು. ಇದು ಯಾವ ದಫ್ತರದಲ್ಲಿಯೂ ದಾಖಲಾಗದ ನಷ್ಟ.

ಹಾಗಾದರೆ ಮಠದ ಶಿಷ್ಯವರ್ಗವು ಮಾಡತಕ್ಕದ್ದೇನು? ದೊಡ್ಡ ಧನಸಹಾಯಕ್ಕಿಂತ ಮೊದಲು ಸಣ್ಣ ಕೆಲಸಗಳು ಮೂರುಂಟು. ಪ್ರಸಾದನಿಲಯದ ಹುಡುಗರು ಹತ್ತನೆಯ ತರಗತಿಯಲ್ಲಿರುವಾಗಲೇ ಈ ಎರಡು ದಾರಿಗಳನ್ನು ಅವರಿಗೂ ಅವರ ತಂದೆತಾಯಿಗಳಿಗೂ ಬಿಡಿಸಿ ಹೇಳುವುದು ಒಂದು. ಯಾವ ಕಾಲೇಜಿಗೆ ಸೇರುವರೋ ಅದಕ್ಕೆ ಪರಿಷತ್ತಿನ ಮನ್ನಣೆಯೂ ವಿಶ್ವವಿದ್ಯಾನಿಲಯದ ಸಂಯೋಜನೆಯೂ ಇವೆಯೇ, ಅಲ್ಲಿ ಪಾಠಗಳು ನಿಜವಾಗಿ ನಡೆಯುವುವೇ ಎಂದು ಶುಲ್ಕ ಕಟ್ಟುವ ಮೊದಲೇ ಬಲ್ಲವರಿಂದ ವಿಚಾರಿಸಿಕೊಡುವುದು ಎರಡು. ನಿವೃತ್ತ ಉಪಾಧ್ಯಾಯರು ಎಲ್ಲ ಊರುಗಳಲ್ಲಿಯೂ ಇರುವರು, ಬಿ.ಎಡ್. ಮಾಡುತ್ತಿರುವ ತರುಣರು ಅವರ ಮುಂದೆ ಒಂದೊಂದು ಪಾಠವನ್ನು ಮಾಡಿ ತೋರಿಸಿ ತಿದ್ದಿಸಿಕೊಳ್ಳುವಂತೆ ಏರ್ಪಾಡು ಮಾಡುವುದು ಮೂರು. ಇವಕ್ಕೆ ಹಣವು ಬೇಡ, ಮನಸ್ಸು ಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ತಿಳಿವಳಿಕೆಯನ್ನು ಮನೆಯ ಬಾಗಿಲಿಗೇ ಒಯ್ಯಬೇಕು. ಹಾಯ್‌ಸ್ಕೂಲಿನಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದರೆ ಮಗಳನ್ನು ಕಳಿಸಲು ಧೈರ್ಯಗೊಳ್ಳುವ ತಾಯಂದಿರು ಇಂದಿಗೂ ಇರುವರು.

೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಸ್ಥಾಪಿತವಾದಾಗ ಅದಕ್ಕೆ ತಳಹದಿಯಾದವರು ಏಳು ಜನ ಉಪಾಧ್ಯಾಯರು. ಮೊದಲು ಹುಟ್ಟಿದುದು ಒಂದು ಶಾಲೆ. ಕಾಲೇಜುಗಳೂ ಆಸ್ಪತ್ರೆಗಳೂ ಅದರ ಹಿಂದಿನಿಂದ ಬಂದುವು. ಕಟ್ಟಡವನ್ನು ದಾನಿಗಳು ಕಟ್ಟಿಸಿಯಾರು. ಕಲಿಸುವವನನ್ನು ಕಾಲವೂ ಶ್ರಮವೂ ಕೂಡಿಯೇ ರೂಪಿಸಬೇಕು. ಈ ಮಹೋತ್ಸವದ ದೀಪಗಳು ನಾಳೆ ಆರುವುವು. ಆದರೆ ಇಂದು ಈ ಸಭೆಯಲ್ಲಿ ಕುಳಿತ ಹುಡುಗರಲ್ಲಿ ಒಬ್ಬನು, ಹುಡುಗಿಯರಲ್ಲಿ ಒಬ್ಬಳು, ತಕ್ಕ ದಾರಿಯನ್ನರಿತು, ಆ ದಾರಿಯನ್ನು ಪ್ರಾಮಾಣಿಕವಾಗಿ ನಡೆದು, ಹತ್ತು ವರ್ಷಗಳ ತರುವಾಯ ಯಾವುದೋ ಹಳ್ಳಿಯ ತರಗತಿಯಲ್ಲಿ ನಿಂತು, ತಪ್ಪು ಬರೆದ ಮಗುವನ್ನು ಗದರಿಸದೆ ರೊಟ್ಟಿಯ ಪ್ರಶ್ನೆಯನ್ನು ಕೇಳಿದರೆ, ಈ ಉತ್ಸವವು ಸಾರ್ಥಕವಾದಂತೆಯೇ ಸರಿ.