ನೆರಳಿಗೆ ಹೆಸರಿಟ್ಟ ಹುಡುಗ

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಎಂಟನೆಯ ತರಗತಿಯ ಮಕ್ಕಳಿಗೆ ಲೈಬ್ರರಿ ಪೀರಿಯಡಿನಲ್ಲಿ ಮಂತ್ರವಾದಿಯ ಕಥೆ ಹೇಳುತ್ತಾರಂತೆ, ಅದು ಪರೀಕ್ಷೆಗೆ ಬರುತ್ತದೆಯೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಬರುವುದಿಲ್ಲ. ಆದರೂ ಯಾಕೆ ಹೇಳಿದೆ ಎಂಬುದನ್ನು ತಮ್ಮ ಮುಂದಿಡಲು ಅಧ್ಯಕ್ಷರು ಅವಕಾಶ ಕೊಟ್ಟಿದ್ದಾರೆ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಮಾಯೆ, ವೇಷ, ರೂಪ ಬದಲಿಸುವ ರಕ್ಕಸರು ಹೊಸಬರಲ್ಲ. ಬೆಳಗಿನವರೆಗೆ ಕೂತು ಆಟ ನೋಡಿದವರು ನಾವು. ಹಾಗಾಗಿ ಮಂತ್ರವಾದಿಗೆ ನೀವು ಹೆದರಬೇಕಾಗಿಲ್ಲ.

ಕಾದಂಬರಿಯ ಹೆಸರು 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಬರೆದವರು ಅಮೆರಿಕದ ಉರ್ಸುಲಾ ಲೆ ಗ್ವಿನ್ (1929-2018). ಪ್ರಕಟವಾದದ್ದು 1968ರಲ್ಲಿ. ನಾನು ಇಂಗ್ಲಿಷಿನಲ್ಲಿ ಓದಿಕೊಂಡು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಾ ಬಂದೆ.

ಕಥೆ ನಡೆಯುವುದು ದ್ವೀಪಗಳಿಂದಲೇ ತುಂಬಿದ ಒಂದು ಕಲ್ಪಿತ ಲೋಕದಲ್ಲಿ. ಅಲ್ಲಿ ಜನರಿಗೆ ಎರಡು ಹೆಸರು. ಎಲ್ಲರೂ ಕರೆಯುವ ಹೆಸರು ಒಂದು, ನಿಜನಾಮ ಇನ್ನೊಂದು. ನಿಜನಾಮ ತಿಳಿದವನ ಕೈಯಲ್ಲಿ ಪ್ರಾಣವನ್ನೇ ಕೊಟ್ಟಂತೆ. ತೀರಾ ನಂಬಿದವರಿಗಲ್ಲದೆ ಯಾರೂ ಅದನ್ನು ಹೇಳುವುದಿಲ್ಲ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ, ತಾಯಿಯಿಲ್ಲದ ಒಬ್ಬ ಹುಡುಗ. ಜನ ಕರೆಯುವುದು ಗಿಡುಗ ಎಂದು, ನಿಜನಾಮ ಗೆಡ್. ಮಂತ್ರಶಕ್ತಿ ಹುಟ್ಟಿನಿಂದಲೇ ಇದೆ. ಒಗಿಯನ್ ಎಂಬ ಗುರುವಿನ ಬಳಿ ಸ್ವಲ್ಪ ಕಾಲ ಇದ್ದು, ಅಲ್ಲಿಂದ ರೋಕ್ ದ್ವೀಪದ ದೊಡ್ಡ ಶಾಲೆಗೆ ಹೋಗುತ್ತಾನೆ.

ಅಲ್ಲಿ ಜಾಸ್ಪರ್ ಎಂಬ ಹುಡುಗ ಇದ್ದಾನೆ. ಮಾತಿನಲ್ಲಿ ನಯ, ಒಳಗೆ ಮುಳ್ಳು. ನೀನು ಆಡು ಕಾಯುವವನು ಎಂಬುದನ್ನು ಗೆಡ್ ಮರೆಯದಂತೆ ನೋಡಿಕೊಳ್ಳುತ್ತಾನೆ. ಅವಮಾನ ತಾಳಲಾರದೆ ಗೆಡ್ ಒಂದು ರಾತ್ರಿ ತನ್ನ ದೊಡ್ಡತನ ತೋರಿಸಲು ಸತ್ತವರನ್ನು ಕರೆಯುವ ಮಂತ್ರ ಹೇಳುತ್ತಾನೆ. ಲೋಕದ ಗೋಡೆಯೇ ಬಿರುಕು ಬಿಟ್ಟು ಮುಖವಿಲ್ಲದ ಒಂದು ನೆರಳು ಹೊರಗೆ ಹಾರಿ ಅವನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚಲು ತನ್ನ ಶಕ್ತಿಯನ್ನೆಲ್ಲ ಸುರಿದು ಶಾಲೆಯ ಹಿರಿಯ ಗುರು ಸಾಯುತ್ತಾನೆ. ಗೆಡ್ ಉಳಿಯುತ್ತಾನೆ, ಕೆನ್ನೆಯ ಮೇಲೆ ಗಾಯದ ಕಲೆಯೊಂದಿಗೆ.

ಆಮೇಲೆ ಓಟ. ಎಷ್ಟು ಓಡಿದರೆ ಅಷ್ಟು ನೆರಳಿಗೆ ಬಲ. ನಡುವೆ ಒಂದು ಘಟ್ಟವಿದೆ, ನನಗೆ ಬಹಳ ಮೆಚ್ಚುಗೆಯಾದದ್ದು. ಮುದಿ ಡ್ರ್ಯಾಗನ್ ಒಂದು ಅವನಿಗೆ ಆ ನೆರಳಿನ ಹೆಸರನ್ನೇ ಹೇಳಿಕೊಡುತ್ತೇನೆ ಎಂದು ಆಸೆ ತೋರಿಸುತ್ತದೆ. ಹೆಸರು ಸಿಕ್ಕಿದರೆ ಪ್ರಾಣ ಉಳಿಯಿತು. ಗೆಡ್ ಅದನ್ನು ಬಿಟ್ಟು, ತನ್ನನ್ನು ನಂಬಿದ ಬಡ ಬೆಸ್ತರ ದ್ವೀಪಗಳಿಗೆ ಡ್ರ್ಯಾಗನ್‌ಗಳು ಬಾರದಂತೆ ಮಾತು ಪಡೆದುಕೊಳ್ಳುತ್ತಾನೆ. ಕೊನೆಗೆ ಸೋತು ಗುರುವಿನ ಬಾಗಿಲಿಗೆ ಬಂದಾಗ ಒಗಿಯನ್ ಹೇಳುವುದು ಒಂದೇ: ಓಡಬೇಡ, ತಿರುಗಿ ನಿಲ್ಲು, ಅದನ್ನು ನೀನೇ ಬೆನ್ನಟ್ಟು. ಗೆಳೆಯನೊಬ್ಬನ ಜೊತೆ ದೋಣಿಯಲ್ಲಿ ಸಮುದ್ರದ ಆಚೆ ತುದಿಯವರೆಗೆ ಹೋಗಿ, ಗೆಡ್ ನೆರಳನ್ನು ಹೆಸರು ಹಿಡಿದು ಕರೆಯುತ್ತಾನೆ. ಆ ಹೆಸರು ಗೆಡ್. ನೆರಳೂ ಅದೇ ಗಳಿಗೆಯಲ್ಲಿ ಅದೇ ಹೆಸರು ಹೇಳುತ್ತದೆ. ಇಬ್ಬರೂ ಒಂದಾಗುತ್ತಾರೆ. ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಇಲ್ಲಿಗೆ ಬಂದಾಗ ತರಗತಿ ಸ್ತಬ್ಧವಾಗಿತ್ತು. ನೆರಳಿಗೆ ತನ್ನ ಹೆಸರನ್ನೇ ಯಾಕೆ ಕೊಟ್ಟ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಎಂದೂ ಬಾಯಿ ಬಿಡದವನು, "ಅದು ಬೇರೆ ಯಾರದ್ದೂ ಅಲ್ಲವಲ್ಲ ಟೀಚರ್" ಎಂದ. ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ಇಡೀ ಅಧ್ಯಾಯ ಬೇಕಾಗುತ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. ನೆಂಟರು ಬಂದು "ಮಗ ಯಾವ ಶಾಲೆ?" ಎಂದಾಗ, "ಕನ್ನಡ ಮೀಡಿಯಂ, ಏನು ಮಾಡುವುದು" ಎಂದು ದನಿ ತಗ್ಗಿಸುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮಗು ಬಾಗಿಲ ಸಂದಿಯಲ್ಲಿ ನಿಂತು ಅದನ್ನು ಕೇಳುತ್ತದೆ. ನಾಳೆ ಬಸ್ಸಿನಲ್ಲಿ ಯಾರೋ ಮಾತಾಡಿಸಿದರೆ ಅದೂ ದನಿ ತಗ್ಗಿಸುತ್ತದೆ. ಜಾಸ್ಪರ್ ಹೊರಗಿನವನೇ ಆಗಬೇಕೆಂದಿಲ್ಲ. ಮಲಯಾಳ, ಇಂಗ್ಲಿಷ್ ಚೆನ್ನಾಗಿ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಚಿಕೆಯಿಂದ ಓಡುತ್ತಾ ಕಲಿಯುವುದಕ್ಕೂ ನೆಲದ ಮೇಲೆ ನಿಂತು ಕಲಿಯುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡದವರು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಆಡುವವರು ಒಟ್ಟಿಗೆ ಕೂತಿದ್ದಾರೆ. ಒಂದು ಮಗು ಓದಲು ಎದ್ದರೆ ಅದರ ಉಚ್ಚಾರಕ್ಕೆ ಇನ್ನೆರಡು ಮಕ್ಕಳು ನಗುತ್ತವೆ. ಭಾಷಾ ಅಲ್ಪಸಂಖ್ಯಾತರು ಎಂದು ಅರ್ಜಿ ಬರೆಯುವ ನಮ್ಮ ನಡುವೆಯೇ ನಮಗಿಂತ ಸಣ್ಣ ಸಂಖ್ಯೆಯ ಮನೆಯಿಂದ ಬಂದ ಮಗುವಿದೆ. ಕಾದಂಬರಿಯಲ್ಲಿ ಆ ದುರಂತದ ನಂತರ ಗೆಡ್‌ನನ್ನು ನೋಡಲು ಬರುವವನು ವೆಚ್ ಎಂಬ ಗೆಳೆಯ. ಶಾಲೆ ಬಿಟ್ಟು ಹೋಗುವಾಗ ಅವನು ಕೇಳದೆಯೇ ತನ್ನ ನಿಜನಾಮವನ್ನು, ಎಸ್ಟಾರಿಯೋಲ್ ಎಂಬುದನ್ನು, ಗೆಡ್‌ಗೆ ಹೇಳಿಬಿಡುತ್ತಾನೆ. ಯಾರ ನಂಬಿಕೆಗೂ ಅರ್ಹನಲ್ಲ ಎಂದುಕೊಂಡವನ ಕೈಯಲ್ಲಿ ತನ್ನ ಪ್ರಾಣವನ್ನೇ ಇಡುತ್ತಾನೆ. ಕೊನೆಯ ದೋಣಿಯಲ್ಲಿ ಜೊತೆಗಿದ್ದವನೂ ಅವನೇ.

ಈ ವೆಚ್ ಕಪ್ಪು ಬಣ್ಣದವನು, ಗೆಡ್ ತಾಮ್ರದ ಕಂದು. ಲೇಖಕಿ ಬೇಕೆಂದೇ ಹಾಗೆ ಬರೆದರು. ಆದರೂ ಹಲವು ಮುಖಪುಟಗಳಲ್ಲಿ ಗೆಡ್ ಬಿಳಿಯನಾದ; 2004ರ ಟಿ.ವಿ. ಧಾರಾವಾಹಿಯಲ್ಲೂ ಬಿಳಿಯ ನಟನೇ ಬಂದಾಗ ಆಕೆ ಬಹಿರಂಗವಾಗಿ ಪ್ರತಿಭಟಿಸಿ ಬರೆದರು. ಇದನ್ನು ಹೇಳಿದಾಗ ನಮ್ಮ ಹುಡುಗಿಯರಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಪೌಡರ್ ಡಬ್ಬಿಯ ವಿಷಯ ನಾನು ಎತ್ತಲಿಲ್ಲ.

ಲೇಖಕಿಯ ತಂದೆ ಆಲ್‌ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಯಾಹಿ ಎಂಬ ಆದಿವಾಸಿ ಜನಾಂಗದಲ್ಲಿ ಕೊನೆಗೆ ಉಳಿದಿದ್ದ ಒಬ್ಬನೇ ಒಬ್ಬ ಮನುಷ್ಯ ಕಾಡಿನಿಂದ ಹೊರಬಂದ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಜನರ ರೂಢಿಯಲ್ಲಿರಲಿಲ್ಲ. ಹೇಳಿ ಪರಿಚಯಿಸಲು ತನ್ನವರು ಯಾರೂ ಉಳಿದಿರಲಿಲ್ಲ. ಅವನ ಭಾಷೆಯಲ್ಲಿ ಮನುಷ್ಯ ಎಂಬರ್ಥದ ಇಶಿ ಎಂಬ ಶಬ್ದದಿಂದ ಕ್ರೋಬರ್ ಅವನನ್ನು ಕರೆದರು. 1916ರಲ್ಲಿ ಅವನು ತೀರಿಕೊಂಡ. ನಿಜವಾದ ಹೆಸರು ಅವನ ಜೊತೆಯೇ ಹೋಯಿತು. ಅವನ ಕಥೆಯನ್ನು 1961ರಲ್ಲಿ ಪುಸ್ತಕವಾಗಿ ಬರೆದವರು ಲೇಖಕಿಯ ತಾಯಿ ಥಿಯೊಡೊರಾ ಕ್ರೋಬರ್.

ಮುಂದಿನ ಶುಕ್ರವಾರ ಕೊನೆಯ ಪೀರಿಯಡಿನಲ್ಲಿ ಎರಡನೆಯ ಪುಸ್ತಕ 'ದಿ ಟೂಂಬ್ಸ್ ಆಫ್ ಅಟುವಾನ್' ಆರಂಭಿಸುತ್ತೇವೆ. ಸಣ್ಣ ಪ್ರಾಯದಲ್ಲೇ ಗುಡಿಯವರು ಹೆಸರನ್ನು ಕಿತ್ತುಕೊಂಡ ಒಬ್ಬ ಹುಡುಗಿಯ ಕಥೆ ಅದು. ಬಿಡುವಿದ್ದ ತಾಯಂದಿರು, ತಂದೆಯವರು ಬಂದು ಕೂರಬಹುದು. ಬರಲಾಗದವರು ಆ ರಾತ್ರಿ ಊಟದ ಹೊತ್ತಿಗೆ ಮಗುವಿನ ಬಾಯಿಂದಲೇ ಕೇಳಿ, ಅದು ಯಾವ ಭಾಷೆಯಲ್ಲಿ ಹೇಳಿದರೂ ಸರಿ.